ಕಾಕಂಬಿ ಬಳಿದ ಕಣ

ನಾನು ಒಡೆದ ಸಾಮಾನುಗಳ ಗುರುತು ಹಿಡಿದೇ ಬೈಲಹೊಂಗಲದ ನಮ್ಮ ಮನೆಯನ್ನು ತಲಬಾಗಿಲಿನಿಂದ ಹಿತ್ತಿಲಿನವರೆಗೆ ತೋರಿಸಬಲ್ಲೆ. ಒಳಗೆ ಕಾಲಿಟ್ಟ ಕೂಡಲೇ ಪಡಸಾಲಿ. ಅಲ್ಲಿಯ ಗೋಡೆಗೆ ಗಡಿಯಾರವೊಂದಿತ್ತು, ಅದರ ಗಾಜು ನನ್ನ ಚಪ್ಪಲಿ ತಾಗಿ ಹೋಯಿತು. ನಡುಮನಿಯ ಕನ್ನಡಿ ನಾನು ಬಾಚಣಿಕೆ ಬೀಸಿ ಒಗೆದಾಗ ಬಿರುಕು ಬಿಟ್ಟಿತು, ಮನೆಯ ಹೆಂಗಸರೆಲ್ಲ ಎಷ್ಟೋ ವರ್ಷ ಎರಡು ಹಣೆ ನೋಡಿಕೊಂಡು ಒಂದಕ್ಕೆ ಕುಂಕುಮ ಇಟ್ಟುಕೊಂಡರು. ಅಡಿಗೆಮನಿಯ ಉಪ್ಪಿನಕಾಯಿ ಭರಣಿಯ ಮಾತು ಬೇಡವೇ ಬೇಡ, ಅವ್ವ ಅದನ್ನು ಇನ್ನೂ ಮರೆತಿಲ್ಲ. ದನದ ಕೊಟ್ಟಿಗೆಯ ಕಂದೀಲು, ಬಚ್ಚಲದ ಮಣ್ಣಿನ ಗಡಿಗೆ, ಅಟ್ಟದ ಮೇಲಿನ ಹಳೇ ರೇಡಿಯೋ, ಎಲ್ಲಾ ನನ್ನದೇ ಪ್ರತಾಪ. ಏನೂ ಒಡೆಯದೆ ಉಳಿದದ್ದು ದೇವರ ಕೋಣಿ ಒಂದೇ. ದೇವರ ಭಯಕ್ಕೇನಲ್ಲ. ಅಲ್ಲಿ ಆಯಿ ಕುಳಿತಿರುತ್ತಿದ್ದಳು.

ನನ್ನದು ಮಾತಾಡಿ ಬರುವ ಸಿಟ್ಟಲ್ಲ. ಮೊದಲು ಕಿವಿ ಬಿಸಿಯಾಗುತ್ತಿತ್ತು, ಅಷ್ಟರೊಳಗೆ ಕೈಗೆ ಸಿಕ್ಕದ್ದು ಗಾಳಿಯಲ್ಲಿರುತ್ತಿತ್ತು. 'ಈ ಹುಡುಗಿಗೆ ಮೂಗಿನ ತುದಿಗೇ ಸಿಟ್ಟು' ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು, ಅದನ್ನು ಕೇಳಿದರೆ ನನಗೆ ಮತ್ತಷ್ಟು ಸಿಟ್ಟು ಬರುತ್ತಿತ್ತು. ಅಪ್ಪ ಹೊಡೆಯುವವನಲ್ಲ, ಬೈಯುವವನೂ ಅಲ್ಲ. ನಾನು ಏನಾದರೂ ಒಗೆದರೆ ಸಾಕು, ಅವನ ಮುಖ ಬಿಳಿಚಿಕೊಳ್ಳುತ್ತಿತ್ತು, ಎದ್ದು ಹೊಲದ ದಾರಿ ಹಿಡಿಯುತ್ತಿದ್ದ. ಇಂಥ ದೊಡ್ಡ ಮನುಷ್ಯ, ಮೀಸೆ ಬೇರೆ, ಒಂದು ಗಡಿಗೆ ಒಡೆದರೆ ಹೀಗೇಕೆ ಓಡುತ್ತಾನೆಂದು ನನಗೆ ಆಗ ತಿಳಿಯುತ್ತಿರಲಿಲ್ಲ. ಮನೆಯಲ್ಲಿ ನನ್ನ ಎದುರು ನಿಲ್ಲುತ್ತಿದ್ದವಳು ಅಪ್ಪನ ಅವ್ವ, ನಮ್ಮ ಆಯಿ.

ಆಯಿ ಎತ್ತರದ ಹೆಂಗಸು. ಇಳಕಲ್ ಸೀರೆ, ಹಣೆತುಂಬ ವಿಭೂತಿ, ಸೊಂಟಕ್ಕೆ ಕೀಲಿಕೈಗಳ ಗೊಂಚಲು. ಅವಳ ದನಿ ಏರಿದ್ದನ್ನು ನಾನು ಕೇಳಿರಲಿಲ್ಲ. ಓಣಿಯ ಮಂದಿ ಭಾವ-ಮೈದುನರ ಜಗಳ, ಬದುವಿನ ತಂಟೆ ಹೊತ್ತು ನಮ್ಮ ಮನೆಯ ಮುಂದಿನ ಕಟ್ಟಿಯ ಮೇಲೆ ಬಂದು ಕುಳಿತರೆ, ಅವಳು ಹಗುರಕ್ಕೆ ಎರಡು ಮಾತು ಆಡಿ ಚಹಾ ಕುಡಿಸಿ ಕಳಿಸುತ್ತಿದ್ದಳು. ನಾನು ಏನಾದರೂ ಒಡೆದಾಗ ಬಂದು, 'ಆತಲ್ಲಾ? ಕಸಬರಗಿ ತಗೊಂಡ ಬಾ' ಎಂದಷ್ಟೇ ಅನ್ನುತ್ತಿದ್ದಳು. ನಾನು ಬಿಕ್ಕುತ್ತ ಗುಡಿಸುತ್ತಿದ್ದರೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು 'ಅಲ್ಲೊಂದು ಚೂರು, ಇಲ್ಲೊಂದು ಚೂರು' ಎಂದು ತೋರಿಸುತ್ತಿದ್ದಳು. ಎಲ್ಲ ಚೂರು ಮುಗಿಯುವಷ್ಟರಲ್ಲಿ ನನ್ನ ಸಿಟ್ಟೂ ಮುಗಿದಿರುತ್ತಿತ್ತು. ಇಂಥವಳು ಹುಟ್ಟಿನಿಂದಲೇ ಇಷ್ಟು ತಣ್ಣಗೇ ಇದ್ದಾಳೆಂದು ನಾನು ನಂಬಿದ್ದೆ. ಎಂಥಾ ಹೆಣ್ಣುಮಗಳು ಅಂತೀರಿ! ನನಗೆ ಅವಳ ಹಾಗೆ ಆಗಬೇಕೆಂಬ ಆಸೆ ಬಹಳವಿತ್ತು, ಹೇಗೆ ಆಗುವುದೆಂಬುದು ಮಾತ್ರ ಗೊತ್ತಿರಲಿಲ್ಲ.

ನನಗೆ ಹನ್ನೊಂದು ತುಂಬಿದ ವರ್ಷ ಅದು, ನಮ್ಮ ಮನೆಗೆ ಫೋನು ಬಂದು ಇನ್ನೂ ಹೊಸತು. ಅಪ್ಪನ ತಮ್ಮ ಬಸು ಕಾಕಾ ಬಸ್‌ಸ್ಟ್ಯಾಂಡಿನ ಹತ್ತಿರ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದ. ಮಾಲು ತರಲು ಪುಣೆಗೆ ಹೋದವನು ಒಂದು ದಿನ ಬಗಲಲ್ಲಿ ಡಬ್ಬ ಹಿಡಿದು ಬಂದ. ಯಾರೋ ಆಡಿ ಬಿಟ್ಟಿದ್ದ ಹಳೆಯ ರಿಮೋಟಿನ ಟ್ರಕ್ಕು. ನನ್ನ ಮೊಳಕೈ ಉದ್ದ, ರೊಟ್ಟಿಯ ತವೆಯಷ್ಟು ಅಗಲ, ಹಲ್ಲುಹಲ್ಲಿನ ದಪ್ಪ ಗಾಲಿಗಳು, ಹೊಟ್ಟೆಯ ಕೆಳಗೆ ಬ್ಯಾಟರಿ. ರಿಮೋಟು ಪಿಸ್ತೂಲಿನ ಆಕಾರ: ಕುದುರೆ ಒತ್ತಿದರೆ ಓಟ, ಪಕ್ಕದಲ್ಲಿದ್ದ ಪುಟ್ಟ ಗಾಲಿ ತಿರುಗಿಸಿದರೆ ತಿರುವು. ಅಂಗಳದಲ್ಲಿ ಇಟ್ಟು ಕಾಕಾ ಕುದುರೆ ಒತ್ತಿದ ನೋಡಿ, ಅದು ಜುಂಯ್ ಎಂದು ಹಾರಿ ನೀರಿನ ಕೊಡಕ್ಕೆ ಗುದ್ದಿ ಅಂಗಾತ ಬಿದ್ದು ಕಾಲು ಆಡಿಸಿತು. ಕೊಟ್ಟಿಗೆಯ ಎಮ್ಮೆಗಳೆಲ್ಲ ಎದ್ದು ನಿಂತವು. ನನ್ನ ಜೀವಮಾನದಲ್ಲಿ ಅಷ್ಟು ಚಂದದ ವಸ್ತು ನಾನು ನೋಡಿರಲಿಲ್ಲ.

ಕಾಕಾನ ಕೈಗೆ ಅದು ಒಗ್ಗಲಿಲ್ಲ. ಟ್ರಕ್ಕು ನಮ್ಮಿಂದ ದೂರ ಹೋಗುವಾಗ ಬಲ ಬಲವೇ ಇರುತ್ತದೆ, ತಿರುಗಿ ನಮ್ಮ ಕಡೆ ಬರುವಾಗ ಅದರ ಬಲ ನಮ್ಮ ಎಡ. ಅಷ್ಟರಲ್ಲೇ ಅವನ ತಲೆ ತಿರುಗಿ ಟ್ರಕ್ಕು ಗೋಡೆಗೆ ಹೋಗುತ್ತಿತ್ತು. ನಾನೂ ಹಾಗೇ ಒದ್ದಾಡುತ್ತಿದ್ದಾಗ ಕಟ್ಟಿಯ ಮೇಲೆ ಬತ್ತಿ ಹೊಸೆಯುತ್ತಿದ್ದ ಆಯಿ ತಲೆ ಎತ್ತದೆ ಅಂದಳು:

"ಹೊರಗ ನಿಂತ ಯಾಕ ಹೊಡಿತಿ? ಅದರೊಳಗ ನೀನ ಕುಂತೀ ಅಂತ ತಿಳಕೊಂಡ ಹೊಡಿ."

ಅಂದಿನಿಂದ ನಾನು ಒಳಗೇ ಕುಳಿತೆ. ಕಾಕಾ ನಕ್ಕು ರಿಮೋಟು ನನಗೆ ಕೊಟ್ಟ, ತಾನು ನಟ್ಟು ಬೋಲ್ಟು ನೋಡಿಕೊಳ್ಳುವ ಮೇಸ್ತ್ರಿಯಾದ. ನಮ್ಮ ಊರಿನ ಕರೆಂಟನ್ನು ನಂಬಿ ಬ್ಯಾಟರಿ ತುಂಬಿಸುವುದು ಸಾಧ್ಯವಿರಲಿಲ್ಲ. ಚಾರ್ಜರಿಗೆ ಕೆಂಪು, ಕರಿ ಎರಡು ಚಿಮಟಿಗೆಗಳಿದ್ದವು, ಅವನ್ನು ಟ್ರ್ಯಾಕ್ಟರಿನ ಬ್ಯಾಟರಿಗೆ ಕಚ್ಚಿಸಿ ತುಂಬಿಸುತ್ತಿದ್ದೆವು. ಒಂದು ಮುಂಜಾನೆ ಅಪ್ಪ ಹೊಲ ಹರಗಲು ಹೊರಟರೆ ಟ್ರ್ಯಾಕ್ಟರ್ ಕುಂಯ್ ಎಂದು ಸುಮ್ಮನಾಯಿತು. ಆಮೇಲೆ ಓಣಿಯ ಹುಡುಗರೆಲ್ಲ ಕೂಡಿ ಅದನ್ನು ಊರ ಬಾಗಿಲ ಅಗಸಿಯವರೆಗೆ ದಬ್ಬಿಕೊಂಡು ಹೋದರು.

ಅಷ್ಟೊತ್ತಿಗೆ ಕಾಕಾನ ಗೆಳೆಯರಿಗೂ ಈ ಹುಚ್ಚು ಹತ್ತಿತ್ತು. ಸವದತ್ತಿಯ ದಲಾಲಿ ಸಾವಕಾರರು ತಮ್ಮ ಮಗ ವಿನ್ಯಾನಿಗೆ ಹೊಚ್ಚ ಹೊಸ ಟ್ರಕ್ಕು ತರಿಸಿಕೊಟ್ಟಿದ್ದರು. ಕಿತ್ತೂರಿನಲ್ಲೊಬ್ಬ ಔಷಧ ಅಂಗಡಿಯವ, ರಾಮದುರ್ಗದಲ್ಲೊಬ್ಬ ಸಾಲಿ ಮಾಸ್ತರ, ಇವರದೂ ಒಂದೊಂದು. ಎಲ್ಲ ಸೇರಿ ಟ್ರಕ್ಕುಗಳ ಓಟದ ಶರ್ಯತ್ತೊಂದು ಇಡೋಣವೆಂದು ಫೋನಿನಲ್ಲಿ ಮಾತಾಡುತ್ತಿದ್ದರು. ಅಷ್ಟರಲ್ಲಿ ನಮ್ಮ ಮನೆಯಲ್ಲಿ ಹೋಳಿಗೆಯ ಊಟವೊಂದು ಆಯಿತು, ನನ್ನ ಗ್ರಹಚಾರ ಕೆಟ್ಟಿತು.

ದೂರದ ಬೀಗರು ಬಂದಿದ್ದರು. ಪಡಸಾಲಿಯಲ್ಲಿ ಪಂಕ್ತಿ ಕುಳಿತಿತ್ತು, ನಾನು ಕಟ್ಟಿನ ಸಾರು ಬಡಿಸುತ್ತಿದ್ದೆ. ಊಟಕ್ಕೆ ಮೊದಲು ಅವರಲ್ಲಿ ಹಿರಿಯರೊಬ್ಬರು ನನ್ನ ಕೈಯಿಂದ ರಿಮೋಟು ಕಸಿದು ತಮ್ಮ ಮೊಮ್ಮಗನಿಗೆ ಕೊಟ್ಟಿದ್ದರು. ಅಂವ ಅದನ್ನು ಇನ್ನೂ ಗರಗರ ಒತ್ತುತ್ತಲೇ ಇದ್ದ. ನಾನು ತಡೆದುಕೊಂಡೇ ಇದ್ದೆ, ಆಣೆ ಮಾಡಿ ಹೇಳುತ್ತೇನೆ. ಸಾರಿನ ಪಾತ್ರೆ ಹಿಡಿದು ಅವರ ಮುಂದೆ ಬಾಗಿದಾಗ ಅವರು ಅಪ್ಪನಿಗೆ ಹೇಳಿದರು:

"ಹೆಣ್ಣಹುಡುಗೀಗಿ ಇಂಥಾದ್ದೆಲ್ಲಾ ಯಾಕ ಕೊಡಸ್ತೀರಿ? ಅಡಗೀಮನಿ ಕಲಿಲಿ. ನಾಳಿ ಯಾವನರ ಗಂಡ ಬಾಳೇವು ಮಾಡಬೇಕಲ್ಲಾ ಇಕೀ ಜೋಡಿ."

ಕಿವಿ ಬಿಸಿಯಾಯಿತು. ಮುಂದಿನದನ್ನು ನನ್ನ ಕೈ ಮಾಡಿತು. ಪುಣ್ಯಕ್ಕೆ ಸಾರು ಆರಿತ್ತು, ಆದರೆ ಅವರ ಬಿಳಿ ಧೋತರ ಮತ್ತೆ ಬಿಳಿಯಾಗಲಿಲ್ಲ. ಕಸಿದುಕೊಂಡದ್ದಕ್ಕೂ ಆಡಿದ ಮಾತಿಗೂ ಅಷ್ಟು ಆಗಲೇಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ, ಪಾಪ ಸಾರು ಮಾತ್ರ ಹಾಳಾಯಿತು.

ಬೀಗರು ಹೋದ ಮೇಲೆ ಅಪ್ಪ ಪಡಸಾಲಿಯ ಕಂಬಕ್ಕೆ ಆತು ನಿಂತು ತನ್ನ ತೀರ್ಮಾನ ಹೇಳಿದ.

"ಈ ಬ್ಯಾಸಗಿ ಸೂಟಿ ಮುಗೀಲಿ. ಇಕಿನ್ನ ಧಾರವಾಡದ ಹಾಸ್ಟೆಲಿಗೆ ಹಾಕತೇನಿ. ಇನ್ನ ನನ್ನ ಕಡಿಂದ ಆಗೂದಿಲ್ಲ."

ಅವ್ವ ಸೆರಗು ಬಾಯಿಗಿಟ್ಟಳು. ಕಾಕಾ ನೆಲ ನೋಡಿದ. ನನಗೆ ಹಾಸ್ಟೆಲ್ ಎಂದರೆ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿ ಆಯಿ ಇರುವುದಿಲ್ಲ ಎಂಬುದಷ್ಟೇ ಗೊತ್ತಿತ್ತು. ಆಯಿ ದೇವರ ಕೋಣಿಯಿಂದ ಹೊರಗೆ ಬಂದಳು.

"ಸೂಟಿ ಮುಗಿಯೂತನಾ ಇಕಿ ನನ್ನ ಕೈಯಾಗಿರಲಿ. ಬಸೂನ ಗೆಳ್ಯಾರು ಶರ್ಯತ್ತ ಶರ್ಯತ್ತ ಅಂತಾರಲ್ಲಾ, ಅದು ನಮ್ಮ ಕಣದಾಗ ಆಗಲಿ, ನಾಕ ಮಂದಿ ಎದುರಿಗೆ ಆಗಲಿ. ಸೋಲಲಿ ಗೆಲ್ಲಲಿ, ಅವತ್ತ ಇಕಿ ಸಿಟ್ಟ ಮಾಡಿ ಒಂದ ಕಡ್ಡಿ ಒಗದ್ರೂ ಇಕಿ ಟ್ರಂಕ ನಾನ ಕಟ್ಟತೇನಿ. ಒಗೀಲಿಲ್ಲಂದ್ರ ಹಾಸ್ಟೆಲ್ ಮಾತ ತಗೀಬಾರದ ನೀ."

ಅಪ್ಪ ಕಂಬ ಬಿಟ್ಟು ನೆಟ್ಟಗೆ ನಿಂತ. "ಹೂಂ" ಅಂದ.

ಆಯಿ ಕಣ ಕೊಡುತ್ತೇನೆಂದದ್ದು ಸಣ್ಣ ಮಾತಲ್ಲ. ಹಿತ್ತಿಲ ಆಚೆ ನಮ್ಮ ರಾಶಿ ಮಾಡುವ ಕಣವಿತ್ತು, ನಡುವೆ ಮೇಟಿ ಕಂಬ. ಎತ್ತುಗಳು ಆ ಕಂಬದ ಸುತ್ತ ತಿರುಗಿ ಜೋಳ ತುಳಿಯುವ ಕಾಲ ಮುಗಿದಿತ್ತು, ಮಷಿನು ಬಂದು ಹೊಲದಲ್ಲೇ ರಾಶಿ ಮುಗಿಸಿಹೋಗುತ್ತಿತ್ತು. ಆದರೂ ಆಯಿ ವರ್ಷಾ ವರ್ಷಾ ಕಣ ಕಡಿಸಿ, ನೀರು ಹೊಡೆಸಿ, ಬಡಿದು, ಸೆಗಣಿ ಹಾಕಿ ಸಾರಿಸುವುದನ್ನು ಬಿಟ್ಟಿರಲಿಲ್ಲ. ಚಪ್ಪಲಿ ಹಾಕಿ ಯಾರೂ ಅದರೊಳಗೆ ಕಾಲಿಡುವ ಹಾಗಿರಲಿಲ್ಲ. ಅಂಥ ಕಣದಲ್ಲಿ ರಬ್ಬರಿನ ಗಾಲಿ ಉರುಳಿಸಲು ಒಪ್ಪಿದ್ದಳು.

ಕಾಕಾ ಶರ್ಯತ್ತಿನ ದಾರಿಗೆ ಗೆರೆ ಎಳೆದ. ಅಂಚಿಗೆ ತೊಗರಿಕಟ್ಟಿಗೆಯ ಪಿಂಡಿಗಳು, ಮೇಟಿಯ ಹತ್ತಿರ ಒಂದು ಗಡಚು ತಿರುವು, ಮಣ್ಣು ತುಂಬಿದ ಚೀಲದ ಮೇಲೆ ಮಣ್ಣೆಳೆದು ಎರಡು ದಿಬ್ಬ. ಇಷ್ಟಾದ ಮೇಲೆ ನಾವು ಮಾಡಿದ ತಪ್ಪು ನಮ್ಮಂಥವರೇ ಮಾಡುವಂಥದ್ದು. ಶರ್ಯತ್ತಿನ ದಾರಿ ಹದ ಮಾಡುವುದು ಹೇಗೆಂದು ಯಾರನ್ನೂ ಕೇಳಲಿಲ್ಲ, ಕಣ ಅಂದ ಮೇಲೆ ಕಣದಂತೆಯೇ ಇರಬೇಕೆಂದು ಆಯಿಯೂ ಅವ್ವನೂ ಸೇರಿ ಸೆಗಣಿಯಿಂದ ನುಣ್ಣಗೆ ಸಾರಿಸಿಬಿಟ್ಟರು. ಒಂದು ಜೋಳದ ಕಾಳು ಬಿದ್ದರೂ ಕಾಣಬೇಕು, ಅಷ್ಟು ಚಂದ. ಒಣಗಿದ ಮೇಲೆ ಟ್ರಕ್ಕು ಬಿಟ್ಟರೆ, ಅಬ್ಬಾ! ಗಾಲಿ ತಿರುಗುತ್ತವೆ, ಟ್ರಕ್ಕು ನಿಂತಲ್ಲೇ ಕುಣಿಯುತ್ತದೆ. ತಿರುವಿನಲ್ಲಿ ನಾನು ಬಲಕ್ಕೆ ಅಂದರೆ ಅದು ತನಗೆ ಬೇಕಾದ ಕಡೆ ಸರ್ರನೆ ಜಾರಿ ತೊಗರಿಕಟ್ಟಿಗೆಯೊಳಗೆ ಹೊಕ್ಕು ಕೂಡುತ್ತಿತ್ತು. ಕಾಕಾ ಗುದ್ದಲಿಯಿಂದ ಕೆದರೋಣವೆಂದ. ಆಯಿ ಕಣ ಕೆದರಲು ಬಿಡಲಿಲ್ಲ. ಸ್ವಲ್ಪ ಹೊತ್ತು ಬೆರಳಿನಿಂದ ನೆಲ ತಿಕ್ಕುತ್ತ ಕುಳಿತಳು.

"ಬೆಲ್ಲದ ಗಾಣದಾಗ ನಡದ್ರ ಕಾಲ ಹೆಂಗ ಹಿಡಕೊಂಡ ಹಿಡಕೊಂಡ ಬರತಾವು, ನೆನಪೈತೇನ ಬಸು? ಎಂ.ಕೆ. ಹುಬ್ಬಳ್ಳಿ ಸಕ್ಕರಿ ಫ್ಯಾಕ್ಟರಿಯಿಂದ ನಾಕ ಡಬ್ಬಿ ಕಾಕಂಬಿ ತಗೊಂಡ ಬಾ."

ಸಕ್ಕರೆ ಮಾಡುವಾಗ ಉಳಿಯುವ ಆ ಕರಿಯ, ದಪ್ಪ ಪಾಕವನ್ನು ಕಾಕಾ ಡಬ್ಬಿಗಟ್ಟಲೆ ಹೊತ್ತು ತಂದ. ನೀರಿನಲ್ಲಿ ಕಲಸಿ ಕಸಬರಿಗೆಯಿಂದ ಕಣಕ್ಕೆಲ್ಲ ಬಳಿದೆವು. ಒಂದು ಬಿಸಿಲು ಕಂಡದ್ದೇ ತಡ, ನೆಲ ಗಾಲಿಯನ್ನು ಗಟ್ಟಿಯಾಗಿ ಹಿಡಿಯತೊಡಗಿತು. ದೊಡ್ಡ ದೇಶಗಳಲ್ಲಿ ಈ ಆಟದವರು ಮಣ್ಣಿಗೆ ಸಕ್ಕರೆ ನೀರು ಹೊಡೆಯುತ್ತಾರೆಂದು ನಾನು ಬಹಳ ವರ್ಷಗಳ ಮೇಲೆ ಓದಿದೆ. ಓದಿದಾಗ ಮನೆಯಲ್ಲಿ ಒಬ್ಬಳೇ ಕುಳಿತು ಗಟ್ಟಿಯಾಗಿ ನಕ್ಕೆ. ನಮ್ಮ ಆಯಿ ಅದನ್ನು ಬೆರಳು ತಿಕ್ಕಿಯೇ ಕಂಡುಹಿಡಿದಿದ್ದಳು.

ಇನ್ನು ನನ್ನನ್ನು ಹದ ಮಾಡುವುದು ಉಳಿದಿತ್ತು. ದಿನಾ ಮುಂಜಾನೆ ಆಯಿ ನನ್ನನ್ನು ರೊಟ್ಟಿ ಬಡಿಯಲು ಕೂಡ್ರಿಸುತ್ತಿದ್ದಳು. ಹರಿಯದ ಹಾಗೆ ಒಂದು ರೊಟ್ಟಿ ಬಡಿದರೆ ರಿಮೋಟು, ಇಲ್ಲವಾದರೆ ಇಲ್ಲ. ಜೋಳದ ಹಿಟ್ಟಿಗೆ ಸಿಟ್ಟು ತಿಳಿಯುತ್ತದೆ ನೋಡಿ, ಒಂದು ಏಟು ಜೋರಾದರೆ ಅಂಚು ಬಾಯಿಬಿಡುತ್ತದೆ. ನಾನು ಹರಿದ ರೊಟ್ಟಿಗಳನ್ನು ನಾನೇ ತಿನ್ನಬೇಕಿತ್ತು, ಆ ಸೂಟಿಯಲ್ಲಿ ಎಷ್ಟು ತಿಂದೆನೋ ಏನೋ, ಗಲ್ಲ ತುಂಬಿ ಬಂದವು. ಆಮೇಲೆ ಕಣಕ್ಕೆ ಹೋದರೆ ಟ್ರಕ್ಕಿನದೂ ಅದೇ ಕಥೆ. ಸಿಟ್ಟಿನಿಂದ ಕುದುರೆ ಪೂರಾ ಒತ್ತಿದರೆ ಅದು ಮುಂಗಾಲೆತ್ತಿ ಹಿಂದಕ್ಕೆ ಬೀಳುತ್ತಿತ್ತು, ಒಳಗಿನ ಗಿಯರಿನ ಹಲ್ಲು ಕಟಕಟ ಮುರಿಯುತ್ತಿದ್ದವು. ತಿರುವಿಗೆ ಮುಂಚೆಯೇ ಬೆರಳು ಸಡಿಲು ಬಿಟ್ಟು, ಮೂತಿ ತಿರುಗಿದ ಮೇಲೆ ಹಗುರಕ್ಕೆ ಒತ್ತಿದರೆ ಮಾತ್ರ ಮೇಟಿಯ ಸುತ್ತ ಚಂದಾಗಿ ಬಳಸಿ ಬರುತ್ತಿತ್ತು. ದಿಬ್ಬದ ಮೇಲಿಂದ ಹಾರಿದಾಗ ಬೆರಳು ತೆಗೆದರೆ ಮೂತಿ ಕೆಳಗೆ, ಒತ್ತಿದರೆ ಮೂತಿ ಮೇಲೆ, ಅದನ್ನೂ ಕಲಿತೆ. ಆಯಿ ನೆರಳಲ್ಲಿ ಕಾಳು ಆರಿಸುತ್ತ ಕುಳಿತು, ನನ್ನ ಮುಖ ನೋಡದೆ ಟ್ರಕ್ಕಿನ ಸಪ್ಪಳ ಕೇಳಿಯೇ ಅನ್ನುತ್ತಿದ್ದಳು:

"ಬೆರಳಿಗಿ ಸಿಟ್ಟ ಬಂತ ನೋಡ. ಕೆಳಗಿಡ ಅದನ್ನ. ನೀರ ಕುಡದ ಬಾ."

ಅವಳು ನನ್ನ ಸಿಟ್ಟನ್ನು ತಪ್ಪು ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. ಬಂತು, ಕೆಳಗಿಡು, ನೀರು ಕುಡಿ. ಇಷ್ಟೇ. ನನ್ನನ್ನು ಹಾಗೆ ನಡೆಸಿಕೊಂಡವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆಮೇಲೆ ಹೊರಗೂ ಬಹಳ ಮಂದಿ ಸಿಗಲಿಲ್ಲ.

ಶರ್ಯತ್ತಿನ ಮುಂಜಾನೆ ಅವ್ವ ಚೀರಿದ್ದು ಕೇಳಿ ಹಿತ್ತಿಲಿಗೆ ಓಡಿದೆ. ಎರಡು ಎಮ್ಮೆ, ಒಂದು ಹೋರಿ ಹಗ್ಗ ಹರಿದುಕೊಂಡು ಕಣದಲ್ಲಿ ನಿಂತಿದ್ದವು. ಕಾಕಂಬಿ ಎಂದರೆ ದನಕ್ಕೆ ಪ್ರಾಣವೆಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರಿಗೂ ಹೊಳೆದಿರಲಿಲ್ಲ! ನೆಕ್ಕಿ ನೆಕ್ಕಿ ಅರ್ಧ ಕಣ ಖಾಲಿ ಮಾಡಿದ್ದವು. ಒಂದು ದಿಬ್ಬ ನೆಲಸಮ, ಮೇಟಿಯ ತಿರುವಿನ ತುಂಬ ಗೊರಸಿನ ಕುಣಿ. ಹೋರಿ ನನ್ನ ಕಡೆ ತಿರುಗಿ ಮೂಗು ನೆಕ್ಕಿಕೊಂಡಿತು. ಕಿವಿ ಬಿಸಿಯಾಯಿತು, ಕಾಲ ಬುಡದಲ್ಲಿ ಕಲ್ಲೊಂದಿತ್ತು. ಹಿತ್ತಿಲ ಕಟ್ಟಿಯ ಮೇಲೆ ಅಪ್ಪ ಹಲ್ಲು ಉಜ್ಜುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ನಾನು ಹೋಗಿ ಹಂಡೆಯಿಂದ ಒಂದು ಚರಿಗೆ ನೀರು ಕುಡಿದೆ. ಬಂದು ಗುದ್ದಲಿ ತೆಗೆದುಕೊಂಡೆ. ಮನೆಮಂದಿಯೆಲ್ಲ ಸೇರಿ ಕುಣಿ ಮುಚ್ಚಿ, ಬಡಿದು, ಡಬ್ಬಿಯ ತಳದಲ್ಲಿ ಉಳಿದಿದ್ದ ಕಾಕಂಬಿ ಬಳಿಯುವ ಹೊತ್ತಿಗೆ ಸವದತ್ತಿಯ ಜೀಪು ಬಾಗಿಲಿಗೆ ಬಂತು.

ಎತ್ತರದಿಂದ ಕಾಣಲಿ ಎಂದು ಕಣದ ಅಂಚಿಗೆ ಎತ್ತಿನ ಚಕ್ಕಡಿ ನಿಲ್ಲಿಸಿದ್ದರು, ರಿಮೋಟು ಹಿಡಿದವರೆಲ್ಲ ಅದರ ಮೇಲೆ. ಆಟ ನಡೆದಾಗ ಚಕ್ಕಡಿ ಇಳಿದವರು ಆಟದಿಂದ ಹೊರಗೆ. ಬೋರಲು ಬಿದ್ದ ಟ್ರಕ್ಕನ್ನು ಎತ್ತಿ ನಿಲ್ಲಿಸಲು ತಿರುವಿಗೊಬ್ಬರು ನಿಂತರು. ಮೇಟಿಯ ತಿರುವಿಗೆ, ಯಾರ ಪಕ್ಷವೂ ಅಲ್ಲದವನೆಂದು, ಅಪ್ಪನನ್ನು ನಿಲ್ಲಿಸಿದರು. ಓಣಿಯೆಲ್ಲ ಗೋಡೆಯ ಮೇಲೆ ಕುಳಿತಿತ್ತು. ಕಾಕಾ ಟಾವೆಲ್ ಬೀಸಿದ. ನಾಲ್ಕು ಟ್ರಕ್ಕುಗಳು ಜುಂಯ್ ಎಂದು ಎದ್ದವು.

ವಿನ್ಯಾನ ಹೊಸ ಟ್ರಕ್ಕು ನೇರ ದಾರಿಯಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿತ್ತು, ತಿರುವಿನಲ್ಲಿ ಮಾತ್ರ ಒದ್ದಾಡುತ್ತಿತ್ತು. ನಾನು ಬೆರಳು ಸಡಿಲು ಬಿಟ್ಟು ಒಳಗಿನಿಂದ ನುಸುಳಿ ಮುಂದೆ ಬಂದೆ. ಗೋಡೆಯ ಮೇಲಿನವರು ಸಿಳ್ಳೆ ಹಾಕಿದರು. ಆ ಸಂತೋಷ ಈಗಲೂ ನನ್ನ ಬೆರಳಿನಲ್ಲಿದೆ. ಮುಂದಿನ ಸುತ್ತಿಗೆ ಮೇಟಿಯ ಹತ್ತಿರ ವಿನ್ಯಾ ಬೇಕೆಂದೇ ಹಿಂದಿನಿಂದ ಗುದ್ದಿದ. ನನ್ನ ಟ್ರಕ್ಕು ಉರುಳಿ ಅಂಗಾತ ಬಿತ್ತು. ಎತ್ತಬೇಕಾದ ಅಪ್ಪ ಟ್ರಕ್ಕನ್ನು ನೋಡುತ್ತಲೇ ಇರಲಿಲ್ಲ, ನನ್ನನ್ನು ನೋಡುತ್ತಿದ್ದ. ಅವನ ಮುಖ ಆಗಲೇ ಬಿಳಿಚಿಕೊಂಡಿತ್ತು.

"ಅಪ್ಪಾ, ಟ್ರಕ್ ಎತ್ತರಿ," ಅಂದೆ.

ಅಪ್ಪ ಅಲ್ಲಾಡಲಿಲ್ಲ. ಅಷ್ಟರಲ್ಲಿ ವಿನ್ಯಾ ಇನ್ನೊಂದು ಸುತ್ತು ಮುಗಿಸಿ ಬಂದ. ದಾರಿ ಅಗಲವಿತ್ತು, ಬಳಸಿ ಹೋಗಬಹುದಿತ್ತು. ನನ್ನ ಕಡೆ ನೋಡಿ ಹಲ್ಲು ಕಿಸಿದು, ಬಿದ್ದ ನನ್ನ ಟ್ರಕ್ಕಿನ ಮೇಲೆ ನೇರ ಬಿಟ್ಟ. ಮುಂದಿನ ಗಾಲಿಯ ತೋಳು ಲಟಕ್ಕನೆ ಮುರಿಯಿತು. ಕಿವಿಯಲ್ಲಿ ಬೆಂಕಿ ಬಿತ್ತು. ರಿಮೋಟು ಕೈಯಲ್ಲೇ ಇದೆ, ವಿನ್ಯಾನ ತಲೆ ಮಾರು ದೂರದಲ್ಲಿದೆ. ಬಂತು, ಕೆಳಗಿಡು, ಎಂದುಕೊಂಡೆ. ಬೆರಳು ಒಂದೊಂದಾಗಿ ಸಡಿಲಿಸಿದೆ. ಕಣ್ಣಲ್ಲಿ ನೀರು ಬಂದಿತ್ತು, ದನಿ ಮಾತ್ರ ನೆಟ್ಟಗಿತ್ತು.

"ಅಪ್ಪಾ, ಅದನ್ನ ಎತ್ತಿ ನಿಲ್ಲಸ್ರಿ. ಮೂರ ಗಾಲೀ ಮ್ಯಾಲೆ ಮುಗಸ್ತೇನಿ."

ಆಗ ಕಣದ ಆಚೆಯಿಂದ ಒಂದು ಕೂಗು ಬಂತು. ಅಂಥ ದನಿ ನಾನು ಕೇಳಿಯೇ ಇರಲಿಲ್ಲ, ಬೇವಿನ ಗಿಡದ ಕಾಗೆಗಳೆಲ್ಲ ಹಾರಿದವು. ನಮ್ಮ ಆಯಿ! ಕಚ್ಚೆ ಬಿಗಿದು ಕಣದೊಳಗೆ ಇಳಿದಿದ್ದಳು. ಬರಿಗಾಲು ಕಾಕಂಬಿಗೆ ಹತ್ತಿ ಚಟ್ ಚಟ್ ಎನ್ನುತ್ತಿದ್ದರೂ ನಿಲ್ಲದೆ ಬಂದು, ಓಡುತ್ತಿದ್ದ ವಿನ್ಯಾನ ಟ್ರಕ್ಕನ್ನು ಕೋಳಿ ಹಿಡಿದಂತೆ ಹಿಡಿದು ಬಗಲಲ್ಲಿ ಒತ್ತಿಕೊಂಡಳು.

"ಏನ್ರಿ ಸಾವಕಾರ್ರ! ಮಗಗ ಬರೇ ಟ್ರಕ್ ಕೊಡಸೀರೋ, ಬುದ್ಧೀನೂ ಕೊಡಸೀರೋ? ಬಿದ್ದಾವರ ಮ್ಯಾಲೆ ಗಾಲಿ ಹಾಯಸಾಕ ಯಾರ ಕಲಿಸ್ಯಾರ ಇವಂಗ? ನಮ್ಮ ಕೂಸು ಅಳಕೋತ ನಿಂತಾಳ, ಹಲ್ಲ ಕಿಸಿತಾನ ಬಾಡ್ಯಾ!"

ಅಂದವಳೇ ಆ ಹೊಚ್ಚ ಹೊಸ ಟ್ರಕ್ಕನ್ನು ಎತ್ತಿ, ನಾನು ನನ್ನ ಜನ್ಮದಲ್ಲಿ ಯಾವುದನ್ನೂ ಒಗೆಯದಷ್ಟು ದೂರ, ತಿಪ್ಪೆಗೆ ಒಗೆದಳು.

ಸಾವಕಾರರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಎಲ್ಲರಿಗಿಂತ ಮೊದಲು ಮಾತು ಬಂದದ್ದು ನನಗೆ.

"ಆಯಿ, ಆಟ ನಡದೈತಿ. ಕಣಾ ಬಿಟ್ಟ ಹೊರಗ ಬಾ. ನೀರ ಕುಡಿ."

ಮೊದಲು ಕಾಕಾ ನಕ್ಕ. ಆಮೇಲೆ ಗೋಡೆಯ ಮೇಲಿನ ಓಣಿ ನಕ್ಕಿತು, ಕಡೆಗೆ ಸಾವಕಾರರೂ ನಕ್ಕು ಮಗನ ಕಿವಿ ಹಿಂಡಿದರು. ಅಪ್ಪ ನನ್ನ ಟ್ರಕ್ಕು ಎತ್ತಿ ನಿಲ್ಲಿಸಿದ. ಮೂರು ಗಾಲಿಯ ಮೇಲೆ ಕುಂಟಿಸಿಕೊಂಡು ನಾನು ಕಡೆಯವಳಾಗಿ ಮುಗಿಸಿದೆ. ಕಿತ್ತೂರಿನವರು ಗೆದ್ದರು. ಆಯಿ ಒಳಗೆ ಹೋಗಿ ಮುಖ ತೊಳೆದು ವಿಭೂತಿ ಹಚ್ಚಿಕೊಂಡು ಬಂದು, ಏನೂ ಆಗಿಲ್ಲದವಳಂತೆ ಎಲ್ಲರಿಗೂ ಊಟ ಬಡಿಸಿದಳು. ತಿಪ್ಪೆಯಿಂದ ತಂದ ಟ್ರಕ್ಕನ್ನು ತಾನೇ ಒರೆಸಿ, ವಿನ್ಯಾನ ಎಲೆಗೆ ಒಂದು ಹೋಳಿಗೆ ಹೆಚ್ಚಿಗೆ ಹಾಕಿದಳು.

ಸಂಜೆ ಮನೆಮಂದಿ ಅಷ್ಟೇ ಉಣ್ಣಲು ಕುಳಿತರು. ನನಗೆ ತಡೆಯಲಾಗಲಿಲ್ಲ.

"ಅಪ್ಪಾ, ನನ್ನ ಟ್ರಂಕ ಕಟ್ಟಬೇಕೇನ್ರಿ?"

"ಯಾರದ ಕಟ್ಟೂಣು? ನಿಂದೋ, ನಿಮ್ಮ ಆಯೀದೋ?" ಎಂದ ಅಪ್ಪ. ಅವ್ವ ಸೆರಗಿನೊಳಗೆ ನಕ್ಕಳು. ಅಪ್ಪ ನಗಲಿಲ್ಲ. ರೊಟ್ಟಿ ಮುರಿಯುತ್ತ, ತಾಟಿಗೆ ಹೇಳಿದಂತೆ ಹೇಳಿದ:

"ಹಾಸ್ಟೆಲ್ ಮಾತ ಮುಗೀತವಾ. ನೀ ಒಗದದ್ದಕ್ಕ ನಾ ಸಿಟ್ಟಾಗಿದ್ದಿಲ್ಲ, ಅಂಜಿದ್ನಿ. ನಾ ಸಣ್ಣಾವಿದ್ದಾಗ ಈ ಮನ್ಯಾಗ ಹಿಂಗ ತಾಟ, ತಂಬಿಗಿ ಹಾರತಿದ್ದವು. ನಮ್ಮವ್ವಂದು ಇವತ್ತಿನ ಆ ದನಿ ಐತಲ್ಲಾ, ಅದನ್ನ ಕೇಳಿದ್ರ ನಾ ಓಡಿ ಹೋಗಿ ಮೇವಿನ ಬಣವ್ಯಾಗ ಹೊಕ್ಕ ಕೂಡತಿದ್ನಿ. ಒಮ್ಮೆ ಅಲ್ಲೇ ನಿದ್ದಿ ಹತ್ತಿ ಸಂಜೀಮಟ ಮಲಗಿದ್ನಿ. ಅವತ್ತಿಂದ ಅವ್ವ ಯಾಕೋ ದನಿ ಎತ್ತೂದ ಬಿಟ್ಟಳು. ಯಾಕಂತ ನಾ ಕೇಳಲಿಲ್ಲ. ಕೇಳಿದ್ರ ಮತ್ತ ಶುರು ಆದೀತಂತ ಅಂಜಿಕಿ."

ಆಯಿಯ ಕೈ ರೊಟ್ಟಿಯ ಬುಟ್ಟಿಯ ಮೇಲೆ ನಿಂತುಬಿಟ್ಟಿತು.

"ಬಣವ್ಯಾಗ ಇದ್ದಿಯೇನಪಾ ನೀ?" ಎಂದಳು. "ನಾ ಎಲ್ಲಾ ಕಡೆ ಹುಡುಕಿದ್ನಿ. ನನ್ನ ಸಿಟ್ಟಿಗಿ ಅಂಜಿ ಓಡಿ ಬಾವ್ಯಾಗ ಬಿದ್ದೀ ಅಂತ ತಿಳದ್ನಿ. ಹೊತ್ತ ಮುಳಗೂತನಾ ಆಳಮಂದಿ ಬಾವ್ಯಾಗ ಮುಳುಗಿ ಮುಳುಗಿ ತಡಕ್ಯಾಡಿದ್ರು, ನಾ ಮ್ಯಾಲೆ ನಿಂತಿದ್ನಿ. ನನ್ನ ಕೂಸನ್ನ ಕೊಟ್ರ ಇನ್ನ ದನಿ ಎತ್ತಂಗಿಲ್ಲಂತ ಶಿವಗ ಹೇಳಿಕೊಂಡ್ನಿ. ತಿರ್ಗಿ ನೋಡಿದ್ರ ನೀ ತಲೀಗೆಲ್ಲಾ ಹೊಟ್ಟ ಹಚಗೊಂಡ ಅಂಗಳದಾಗ ನಿಂತಿದ್ದಿ."

ಅಪ್ಪ ಕೈಯ ತುತ್ತನ್ನು ತಾಟಿಗೆ ಇಳಿಸಿದ. ಅಷ್ಟು ದೊಡ್ಡ ಮನುಷ್ಯನ ಮೀಸೆ ಅದುರುವುದನ್ನು ನಾನು ನೋಡಿದೆ.

"ನನಗ ಗೊತ್ತಿದ್ದಿಲ್ಲವ್ವಾ," ಎಂದ.

ಆಯಿ ಅವನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು, ಮೇಲೆ ಬೆಣ್ಣೆ ಇಟ್ಟಳು.

"ಇನ್ನ ಬಣವ್ಯಾಗ ಅಡಗಿ ಕೂಡಬ್ಯಾಡಪಾ," ಅಂದಳು. "ಉಣ್ಣು."